ಜಾತ್ರೆಯಲ್ಲಿ ತಂದ ಆಟಿಕೆ ಮೇಲಿನ ಐಎಸ್‌ಐ ಗುರುತು ನಿಜವೋ ಸುಳ್ಳೋ, ಯಾರು ನೋಡುತ್ತಾರೆ?

ಕಾಳಿ ತೀರ, ಕಾರವಾರ

ಎಲ್ಲರಿಗೂ ನಮಸ್ಕಾರ. ಮಕ್ಕಳ ಆಟಿಕೆ ವಿಷಯ, ಗೊತ್ತಿದ್ದವರು ದಯವಿಟ್ಟು ಹೇಳಿ.

ನನ್ನ ತಮ್ಮ ಶಿರಸಿ ಜಾತ್ರೆಗೆ ಹೋದವನು ನನ್ನ ಮಗಳಿಗೆ ಅಂತ ಒಂದು ಬಾತುಕೋಳಿ ತಂದಿದ್ದಾನೆ. ತಲೆ ಒತ್ತಿದರೆ ಹಾಡುತ್ತದೆ, ಕಣ್ಣಲ್ಲಿ ಕೆಂಪು ಲೈಟು ಬರುತ್ತದೆ. ಮಗಳು ಅದನ್ನು ಬಿಟ್ಟಿರುವುದೇ ಇಲ್ಲ. ಅವಳಿಗೆ ಈಗ ಒಂದೂವರೆ ವರ್ಷ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ನಿನ್ನೆ ಚಾಪೆ ಜಾಡಿಸುವಾಗ ಏನೋ ಠಣ್ ಅಂತ ಬಿತ್ತು, ನೋಡಿದರೆ ಗುಂಡಗಿನ ಬೆಳ್ಳಿ ಬಣ್ಣದ ಬ್ಯಾಟರಿ. ಬಾತುಕೋಳಿಯ ಹೊಟ್ಟೆ ಕೆಳಗೆ ಮುಚ್ಚಳ ಇದೆ, ಮುಚ್ಚಳಕ್ಕೆ ಸ್ಕ್ರೂ ಹಾಕುವ ತೂತೂ ಇದೆ, ಆದರೆ ಸ್ಕ್ರೂ ಇಲ್ಲ. ಉಗುರಲ್ಲಿ ಎತ್ತಿದರೆ ಬಂದುಬಿಡುತ್ತದೆ. ಎರಡು ಬ್ಯಾಟರಿ ಹಾಕುವ ಜಾಗ ಇತ್ತು. ಇನ್ನೊಂದು ಎಲ್ಲಿ ಅಂತ ಹುಡುಕುವಾಗ ನನ್ನ ಕೈಕಾಲು ತಣ್ಣಗಾಗಿತ್ತು. ಅದು ಒಳಗೇ ಇತ್ತು, ದೇವರ ದಯ.

ಡಬ್ಬದ ಮೇಲೆ ಐಎಸ್‌ಐ ಗುರುತು ಇದೆ! ಅದಕ್ಕೇ ತಮ್ಮ ನಂಬಿ ತಂದಿದ್ದು. ಮೇಲೆ ಐಎಸ್ 9873 ಅಂತ ಇದೆ, ಕೆಳಗೆ ಒಂದು ನಂಬರು ಇದೆ. ಕಂಪನಿ ಹೆಸರು ಇಲ್ಲ, ವಿಳಾಸ ಇಲ್ಲ. ಸಿಇ ಅಂತಲೂ ಒಂದು ಗುರುತು ಇದೆ.

ನನ್ನ ಪ್ರಶ್ನೆ: ಇದನ್ನೆಲ್ಲ ಸರ್ಕಾರದವರು ನಿಜವಾಗಿ ಪರೀಕ್ಷೆ ಮಾಡುತ್ತಾರಾ? ಮಾಡಿದರೆ ಇದು ಜಾತ್ರೆ ತನಕ ಹೇಗೆ ಬಂತು? ಕಾರವಾರದಲ್ಲಿ ಕೂತು ದೂರು ಕೊಡುವುದಾದರೆ ಯಾರಿಗೆ ಕೊಡಬೇಕು? ಮನೆಯವರು "ನೂರೈವತ್ತು ರೂಪಾಯಿ ವಸ್ತು, ಬಿಸಾಕು ಸಾಕು" ಅನ್ನುತ್ತಾರೆ. ನನಗೆ ಹಾಗೆ ಬಿಡಲು ಮನಸ್ಸಿಲ್ಲ. ಇದೇ ಬಾತುಕೋಳಿ ಇನ್ನೆಷ್ಟು ಮನೆಗೆ ಹೋಗಿದೆಯೋ. ಮತ್ತೆ, ಹಾಲಿನ ಬಾಟಲಿಗೂ ಇಂಥದ್ದೇ ನಿಯಮ ಇದೆಯಾ?

---

ಪೀಣ್ಯದಲ್ಲಿರುವ ಕುಮಟಾದವ

ಅಕ್ಕ, ಮೊದಲು ಆ ಬಾತುಕೋಳಿ ಮತ್ತು ಡಬ್ಬ ಎರಡನ್ನೂ ಮಗುವಿಗೆ ಸಿಗದ ಕಡೆ ತೆಗೆದಿಡಿ. ಬಿಸಾಕಬೇಡಿ. ಅದೇ ನಿಮ್ಮ ಸಾಕ್ಷಿ.

ನಾನು ಬೆಂಗಳೂರಲ್ಲಿ ಟೆಸ್ಟಿಂಗ್ ಲ್ಯಾಬ್ ಒಂದರಲ್ಲಿ ಕೆಲಸ ಮಾಡುವವನು, ಆಟಿಕೆಗಳು ನಮ್ಮ ಮೇಜಿಗೆ ಬರುತ್ತವೆ. ನಿಯಮ ಇದೆ, ಗಟ್ಟಿಯಾಗಿಯೇ ಇದೆ. 2020ರಲ್ಲಿ ಕೇಂದ್ರ ಸರ್ಕಾರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿತು, 2021ರ ಜನವರಿ 1ರಿಂದ ಜಾರಿ. ಕಸುಬುದಾರರಿಗೆ ಇರುವಂಥ ಕೆಲವು ವಿನಾಯಿತಿ ಬಿಟ್ಟರೆ, 14 ವರ್ಷದೊಳಗಿನ ಮಕ್ಕಳು ಆಡುವ ಆಟಿಕೆ ಅಂತ ಏನೇ ಮಾರಿದರೂ ಐಎಸ್‌ಐ ಗುರುತು ಇರಲೇಬೇಕು. ಇಲ್ಲಿ ತಯಾರಾದದ್ದಕ್ಕೂ ಅದೇ, ಚೀನಾದಿಂದ ಬಂದದ್ದಕ್ಕೂ ಅದೇ. ಸಿಇ ಗುರುತು ಯುರೋಪಿನದು, ನಮ್ಮ ಕಾನೂನಿನಲ್ಲಿ ಅದು ಐಎಸ್‌ಐ ಬದಲಿಗೆ ನಡೆಯುವುದಿಲ್ಲ.

ಈಗ ನಿಮ್ಮ ಡಬ್ಬ. ಬ್ಯಾಟರಿ ಅಥವಾ ಕರೆಂಟಿನಿಂದ ನಡೆಯುವ ಆಟಿಕೆಗೆ ಇರುವ ಮಾನಕ ಐಎಸ್ 15644. ಬ್ಯಾಟರಿ ಇಲ್ಲದ ಗೊಂಬೆ, ಗಾಡಿ, ಗಿಲಕಿಗೆ ಐಎಸ್ 9873. ಹಾಡುವ ಬಾತುಕೋಳಿ ಮೇಲೆ 9873 ಮಾತ್ರ ಇದೆ ಅಂದರೆ ಅಲ್ಲೇ ಅನುಮಾನ ಬರಬೇಕು. ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ನಂಬರು ಇರುತ್ತದಲ್ಲ, ಅದು ಆ ಕಾರ್ಖಾನೆಯ ಲೈಸೆನ್ಸ್ ನಂಬರು. ಐಎಸ್‌ಐ ಗುರುತಿನ ಲೈಸೆನ್ಸ್ ಕೊಡುವುದು ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋ; ಫೋನಿನಲ್ಲಿ ಅವರ ಬಿಐಎಸ್ ಕೇರ್ ಅನ್ನುವ ಆ್ಯಪ್ ಹಾಕಿಕೊಳ್ಳಿ, ಲೈಸೆನ್ಸ್ ಪರಿಶೀಲಿಸುವ ಕಡೆ ಈ ನಂಬರು ಹಾಕಿ. ಯಾವ ಕಂಪನಿ, ಎಲ್ಲಿಯದು, ಯಾವ ವಸ್ತುವಿಗೆ ಲೈಸೆನ್ಸ್ ಕೊಟ್ಟಿದ್ದಾರೆ, ಈಗ ಚಾಲ್ತಿಯಲ್ಲಿದೆಯಾ ಅಂತ ಎಲ್ಲ ಬರುತ್ತದೆ. ಏನು ಬಂತು ಅಂತ ಇಲ್ಲಿ ಹಾಕಿ.

ಪರೀಕ್ಷೆ ನಿಜವಾಗಿ ಮಾಡುತ್ತಾರಾ ಅಂತ ಕೇಳಿದಿರಿ. ಮಾಡುತ್ತಾರೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಟಿಕೆಯನ್ನು ಎತ್ತರದಿಂದ ಬೀಳಿಸುತ್ತೇವೆ, ಕಣ್ಣು, ಮೂಗು, ಚಕ್ರ ಹಿಡಿದು ಎಳೆಯುತ್ತೇವೆ, ತಿರುಚುತ್ತೇವೆ, ಒತ್ತುತ್ತೇವೆ. ಮಗು ಮಾಡುವುದನ್ನೆಲ್ಲ ಮಾಡುವುದು. ಆಮೇಲೆ ಕಳಚಿ ಬಿದ್ದ ಚೂರನ್ನು ಒಂದು ಸಣ್ಣ ಉರುಟು ಅಳತೆಪಾತ್ರೆಗೆ ಹಾಕಿ ನೋಡುತ್ತೇವೆ. ಅದರ ಬಾಯಿ 31.7 ಮಿಲಿಮೀಟರ್ ಅಗಲ, ಮೂರು ವರ್ಷದೊಳಗಿನ ಮಗುವಿನ ಗಂಟಲಿನ ಲೆಕ್ಕದಲ್ಲಿ ಮಾಡಿದ್ದು. ಚೂರು ಯಾವ ಮಗ್ಗುಲಲ್ಲಾದರೂ ಪೂರ್ತಿ ಒಳಗೆ ಕೂತರೆ ಆ ಆಟಿಕೆ ಫೇಲ್. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್, ಅದು ಸಲೀಸಾಗಿ ಒಳಗೆ ಹೋಗುತ್ತದೆ. ನಮ್ಮ ಕಡೆಯ ಸಿಪ್ಪೆ ಸುಲಿದ ಚಾಲಿ ಅಡಿಕೆಯೂ ಹೋಗುತ್ತದೆ. ಮನೆಯಲ್ಲಿ ಏನನ್ನಾದರೂ ನೋಡಿ ಅಂದಾಜು ಮಾಡುವಾಗ ಈ ಎರಡನ್ನು ನೆನಪಿಟ್ಟುಕೊಳ್ಳಿ.

ಬಣ್ಣದ ಪರೀಕ್ಷೆ ಬೇರೆ. ಬಣ್ಣ ಕೆರೆದು ಪುಡಿ ಮಾಡಿ, ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ, ಮೈಬಿಸಿಯಷ್ಟೇ ಶಾಖದಲ್ಲಿ, ಅಂದರೆ 37 ಡಿಗ್ರಿಯಲ್ಲಿ, ಎರಡು ಗಂಟೆ ಇಡುತ್ತೇವೆ. ಹೊಟ್ಟೆಗೆ ಹೋದ ಬಣ್ಣ ಅಲ್ಲಿ ಏನೇನು ಬಿಡುತ್ತದೆ ಅಂತ ತಿಳಿಯಲು. ಸೀಸ, ಪಾದರಸ, ಕ್ಯಾಡ್ಮಿಯಂ, ಆರ್ಸೆನಿಕ್ ಸೇರಿ ಎಂಟು ಧಾತುಗಳನ್ನು ಅಳೆಯುತ್ತೇವೆ. ಸೀಸಕ್ಕೆ ಮಿತಿ ಒಂದು ಕಿಲೋಗೆ 90 ಮಿಲಿಗ್ರಾಂ. ಸೀಸದ ಬಣ್ಣ ಬಾಯಿಗೆ ಸಿಹಿ ಅನ್ನಿಸಬಹುದು, ಮಗು ಉಗುಳುವುದಿಲ್ಲ, ಆ ದಿನವೇ ಕಾಯಿಲೆಯೂ ಬೀಳುವುದಿಲ್ಲ. ಒಳಗೊಳಗೇ ಮಿದುಳಿನ ಬೆಳವಣಿಗೆಗೆ ಪೆಟ್ಟು ಬೀಳುತ್ತಿರುತ್ತದೆ. ಹಾಗಾಗಿ ಮನೆಯಲ್ಲಿ ನೋಡಿ ಕಂಡುಹಿಡಿಯುತ್ತೇನೆ ಅಂದರೆ ಆಗುವ ಕೆಲಸ ಅಲ್ಲ.

ಇನ್ನು ಬ್ಯಾಟರಿ. ನಿಮ್ಮ ಬಾತುಕೋಳಿಯಲ್ಲಿರುವಂಥ ಗುಂಡಿ ಬ್ಯಾಟರಿ ಸ್ಕ್ರೂಡ್ರೈವರ್‌ನಂಥ ಉಪಕರಣ ಇಲ್ಲದೆ ಹೊರಗೆ ಬರಲೇಬಾರದು. ತೂತು ಇಟ್ಟು ಸ್ಕ್ರೂ ಹಾಕದೆ ಬಿಟ್ಟಿದ್ದಾರೆ ಅಂದರೆ ನಿಯಮ ಗೊತ್ತಿದ್ದೂ ಒಂದು ಸ್ಕ್ರೂ ಉಳಿಸಿದ್ದಾರೆ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಹಾಗಾದರೆ ಜಾತ್ರೆ ತನಕ ಹೇಗೆ ಬಂತು? ಸರ್ಕಾರದ ತಪಾಸಣೆ ಲೈಸೆನ್ಸಿನ ಹಿಂದೆ ಹೋಗುತ್ತದೆ. ಲೈಸೆನ್ಸ್ ಕೊಡುವ ಮೊದಲು ಕಾರ್ಖಾನೆ ನೋಡುತ್ತಾರೆ, ಸ್ಯಾಂಪಲ್ ಪರೀಕ್ಷೆ ಆಗುತ್ತದೆ, ಆಮೇಲೂ ಕಾರ್ಖಾನೆಯಿಂದ ಮತ್ತು ಪೇಟೆಯಿಂದ ಸ್ಯಾಂಪಲ್ ಎತ್ತುತ್ತಾರೆ. ಲೈಸೆನ್ಸೇ ಇಲ್ಲದವನಿಗೆ ಕಡತವೇ ಇಲ್ಲ. ಅವನ ಕಾರ್ಖಾನೆ ಎಲ್ಲಿದೆ ಅಂತ ಗೊತ್ತಿಲ್ಲ, ಅವನ ಸ್ಯಾಂಪಲ್ ಯಾರೂ ಕೇಳುವುದಿಲ್ಲ. ಅವನು ಸಿಕ್ಕಿಬೀಳುವುದು ಬಂದರಿನಲ್ಲಿ ಮಾಲು ತಡೆದಾಗ, ಇಲ್ಲವೇ ಗೋದಾಮಿಗೆ, ಅಂಗಡಿಗೆ ದಾಳಿ ಮಾಡಿದಾಗ. ದಾಳಿ ಆಗುವುದು ಹೆಚ್ಚಾಗಿ ಯಾರಾದರೂ ಮಾಹಿತಿ ಕೊಟ್ಟಾಗ. ನಿಮ್ಮಂಥವರ ದೂರಿಗೆ ಬೆಲೆ ಇರುವುದು ಅಲ್ಲೇ.

---

ರಾತ್ರಿ ಪಾಳಿ, ಅಂಕೋಲಾ

ನಾನು ನರ್ಸ್. ಕಾನೂನು ಮೇಲಿನವರು ಹೇಳಿದ್ದಾರೆ, ನಾನು ಬ್ಯಾಟರಿ ಬಗ್ಗೆ ಹೇಳುತ್ತೇನೆ, ದಯವಿಟ್ಟು ಎಲ್ಲ ತಾಯಂದಿರೂ ಓದಿ.

ಗುಂಡಿ ಬ್ಯಾಟರಿ ನುಂಗಿದ ಮಗುವನ್ನು ನಾಣ್ಯ ನುಂಗಿದ ಮಗುವಿನ ಹಾಗೆ ನೋಡಬೇಡಿ. ನಾಣ್ಯ ಗಂಟಲು ದಾಟಿ ಹೊಟ್ಟೆಗೆ ಇಳಿದರೆ ಸಾಮಾನ್ಯವಾಗಿ ಮಲದಲ್ಲಿ ಹೋಗುತ್ತದೆ. ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ಒದ್ದೆಯಲ್ಲೇ ಕರೆಂಟು ಹರಿಯಲು ಶುರು. ಅದರ ಒಂದು ಬದಿಯಲ್ಲಿ ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟಿ ಮಾಂಸ ಸುಡುತ್ತದೆ. ಎರಡು ಗಂಟೆಯೊಳಗೇ ದೊಡ್ಡ ಗಾಯ ಆಗಬಹುದು. ತುಂಬಾ ಅಪಾಯದ್ದು ಸಿಆರ್ 2032 ಅನ್ನುವುದು: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ನಂಬರಿನಲ್ಲೇ ಅಳತೆ ಇದೆ. ಆಟಿಕೆಯಲ್ಲಿ ಮಾತ್ರ ಅಲ್ಲ, ಕಾರಿನ ಕೀಲಿ, ತೂಕದ ಯಂತ್ರ, ಕೆಲವು ರಿಮೋಟ್, ಮಿಣುಕು ದೀಪ, ಎಲ್ಲದರಲ್ಲೂ ಅದೇ ಇರುತ್ತದೆ.

ಮಗು ನುಂಗಿದ್ದನ್ನು ನೀವು ನೋಡಿರುವುದಿಲ್ಲ. ಜೊಲ್ಲು ಜಾಸ್ತಿ ಸುರಿಯುತ್ತದೆ, ಊಟ ಬೇಡ ಅನ್ನುತ್ತದೆ, ಕೆಮ್ಮುತ್ತದೆ, ಶೀತ ಅಂದುಕೊಂಡು ಮನೆಮದ್ದು ಮಾಡುತ್ತಾರೆ. ಅನುಮಾನ ಬಂದರೆ ಕಾಯಬೇಡಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೊರಡಿ. ಎಕ್ಸ್‌ರೇಯಲ್ಲಿ ಬ್ಯಾಟರಿಯ ಅಂಚು ಎರಡು ಬಳೆಯ ಹಾಗೆ ಕಾಣುತ್ತದೆ, ನಾಣ್ಯಕ್ಕೆ ಹಾಗೆ ಕಾಣುವುದಿಲ್ಲ. ವಾಂತಿ ಮಾಡಿಸಬೇಡಿ. ಅನ್ನ, ಬಾಳೆಹಣ್ಣು ಕೊಟ್ಟು ತಳ್ಳಲು ಹೋಗಬೇಡಿ. ಮಗುವಿಗೆ ಒಂದು ವರ್ಷ ದಾಟಿದ್ದರೆ, ನುಂಗಿ 12 ಗಂಟೆ ಆಗಿರದಿದ್ದರೆ, ನುಂಗಲು ಆಗುತ್ತಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ, ಹೆಚ್ಚೆಂದರೆ ಆರು ಸಲ, ಅಂತ ಅಮೆರಿಕದ ವಿಷ ಮಾಹಿತಿ ಕೇಂದ್ರದ ಸೂಚನೆ ಇದೆ. ಅದು ಗಾಯವನ್ನು ಸ್ವಲ್ಪ ತಡೆಯಲು ಮಾತ್ರ, ಚಿಕಿತ್ಸೆ ಅಲ್ಲ. ಜೇನು ಹುಡುಕುತ್ತಾ ನಿಲ್ಲಬೇಡಿ. ವರ್ಷದೊಳಗಿನ ಮಗುವಿಗೆ ಜೇನು ಬೇಡವೇ ಬೇಡ.

ನಮ್ಮ ಜಿಲ್ಲೆಯವರಿಗೆ ಇದನ್ನು ಒತ್ತಿ ಹೇಳಲು ಕಾರಣ ಇದೆ. ಸಣ್ಣ ಮಗುವಿನ ಗಂಟಲಿಗೆ ಎಂಡೋಸ್ಕೋಪಿ ಹಾಕಿ ತೆಗೆಯುವ ವ್ಯವಸ್ಥೆ ಎಲ್ಲ ತಾಲೂಕಿನಲ್ಲೂ ಇಲ್ಲ. ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡುವವರು ನಾವು. ಘಟ್ಟದ ರಸ್ತೆ, ಮಳೆಗಾಲ ಬಂದರೆ ಗುಡ್ಡ ಕುಸಿತ. ಎರಡು ಗಂಟೆ ಅನ್ನುವುದು ನಮಗೆ ರಸ್ತೆಯಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ಹೊರಡುವ ಮೊದಲೇ ಫೋನ್ ಮಾಡಿ "ಬ್ಯಾಟರಿ ನುಂಗಿದ ಮಗು ಬರುತ್ತಿದೆ" ಅಂತ ಹೇಳಿ, ತೆಗೆಯುವವರು ಇದ್ದಾರಾ ಕೇಳಿಕೊಂಡು ಹೋಗಿ. 108ಕ್ಕೂ ಬ್ಯಾಟರಿ ಅಂತಲೇ ಹೇಳಿ.

ಇನ್ನೆರಡು ವಸ್ತು ಮನೆಗೆ ತರಬೇಡಿ. ಬಟಾಣಿಯಷ್ಟಿರುವ ಬಿಡಿ ಅಯಸ್ಕಾಂತದ ಗುಂಡುಗಳು: ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳನ್ನು ಹಿಡಿದು ಅಂಟಿಕೊಂಡು ತೂತು ಮಾಡುತ್ತವೆ. ಮತ್ತೆ ನೀರಿಗೆ ಹಾಕಿದರೆ ಊದುವ ಬಣ್ಣದ ಮಣಿಗಳು: ಹೊಟ್ಟೆಯಲ್ಲೂ ಊದುತ್ತವೆ.

---

ಪೇಟೆ ಅಂಗಡಿ, ಶಿರಸಿ

ನಾನು ಸ್ಟೇಷನರಿ ಮತ್ತು ಆಟಿಕೆ ಅಂಗಡಿ ಇಟ್ಟವನು. ಅಂಗಡಿಯವರ ಕಡೆಯಿಂದಲೂ ಯಾರಾದರೂ ಹೇಳಬೇಕಲ್ವಾ, ಅದಕ್ಕೆ ಬರೆಯುತ್ತಿದ್ದೇನೆ.

ಮಾಲು ಎರಡು ದಾರಿಯಲ್ಲಿ ಬರುತ್ತದೆ. ಒಂದು ಹುಬ್ಬಳ್ಳಿ ಹೋಲ್‌ಸೇಲ್‌ನಿಂದ ಜಿಎಸ್‌ಟಿ ಬಿಲ್ ಸಮೇತ ಬರುವುದು. ಇನ್ನೊಂದು ಲೈನ್ ಸೇಲ್ ಗಾಡಿಯಲ್ಲಿ ಮನೆಬಾಗಿಲಿಗೇ ಬರುವುದು, ಬಿಲ್ ಇಲ್ಲ, ಡಬ್ಬಕ್ಕೆ ಹೆಸರಿಲ್ಲ, ದುಡ್ಡು ಕೈಗೆ ಕೊಟ್ಟರೆ ಇನ್ನೂ ಕಡಿಮೆ. ಎರಡನೇ ದಾರಿಯ ಮಾಲಿನಲ್ಲಿ ಲಾಭ ಜಾಸ್ತಿ, ಮುಚ್ಚಿಟ್ಟು ಪ್ರಯೋಜನ ಇಲ್ಲ. 2020ರಲ್ಲಿ ಆಟಿಕೆಯ ಆಮದು ಸುಂಕ 20ರಿಂದ 60 ಪರ್ಸೆಂಟಿಗೆ ಏರಿತು, 2023ರಲ್ಲಿ 70 ಆಯಿತು. ಸುಂಕ ಕಟ್ಟಿ ಪರೀಕ್ಷೆ ಮುಗಿಸಿ ಬಂದ ಮಾಲಿಗೂ ಕದ್ದು ಬಂದ ಮಾಲಿಗೂ ದರದಲ್ಲಿ ಎಷ್ಟು ಅಂತರ ಬರುತ್ತದೆ ನೀವೇ ಲೆಕ್ಕ ಹಾಕಿ. ಗಿರಾಕಿ ಬಂದು "ಅಲ್ಲಿ ಇದೇ ಗಾಡಿ ಅರ್ಧ ರೇಟಿಗೆ ಕೊಟ್ಟ" ಅಂದಾಗ, ಇದೇ ಅದಲ್ಲ ಮಾರಾಯ್ರೆ ಅಂತ ಡಬ್ಬ ತಿರುಗಿಸಿ ತೋರಿಸುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ಎದ್ದು ಹೋಗುತ್ತಾರೆ.

ನನ್ನ ಹಾಗೆ ಅಂಗಡಿ ಇಟ್ಟವರಿಗೆ ಒಂದು ಮಾತು. 2019ರ ಗ್ರಾಹಕ ರಕ್ಷಣೆ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಅಂತ ಒಂದು ಅಧ್ಯಾಯವೇ ಇದೆ. ವಸ್ತುವಿನಿಂದ ಯಾರಿಗಾದರೂ ಪೆಟ್ಟಾಗಿ, ತಯಾರಿಸಿದವ ಯಾರು ಅಂತ ಗೊತ್ತಾಗದೇ ಹೋದರೆ ಮಾರಿದವನ ಕುತ್ತಿಗೆಗೇ ಬರುತ್ತದೆ. ಹೆಸರಿಲ್ಲದ ಡಬ್ಬ ಮಾರಿದಾಗ ಆ ತಯಾರಕನ ಜಾಗದಲ್ಲಿ ನಾವೇ ನಿಂತ ಹಾಗೆ. ಬಿಐಎಸ್ ಕಾಯ್ದೆ ಬೇರೆ ಇದೆ: ಗುರುತು ಕಡ್ಡಾಯ ಇರುವ ವಸ್ತುವನ್ನು ಗುರುತಿಲ್ಲದೆ ಮಾರಿದರೆ ಮೊದಲ ಸಲಕ್ಕೆ ಎರಡು ಲಕ್ಷಕ್ಕೆ ಕಡಿಮೆ ಇಲ್ಲದ ದಂಡ ಅಥವಾ ಎರಡು ವರ್ಷದವರೆಗೆ ಜೈಲು ಅಂತ 2016ರ ಕಾಯ್ದೆಯಲ್ಲೇ ಬರೆದಿದೆ. ನೂರು ರೂಪಾಯಿ ಗೊಂಬೆಗೆ ಇಷ್ಟು ಅಪಾಯ ಹೊತ್ತುಕೊಳ್ಳುವುದು ಯಾಕೆ?

ಆದರೆ ಒಂದು ಬೇಸರ ನನಗೂ ಇದೆ. ಬಿಲ್ ಇಟ್ಟು ವರ್ಷವಿಡೀ ಅಂಗಡಿ ನಡೆಸುವವನನ್ನು ಹಿಡಿಯುವುದು ಸುಲಭ. ಇಲ್ಲಿ ಜಾತ್ರೆ ನಡೆಯುವ ಬಿಡ್ಕಿಬೈಲಿನ ಸುತ್ತ ಅದು ಮುಗಿಯುವ ತನಕ ಅಂಗಡಿ ಹಾಕಿ ಗಂಟುಮೂಟೆ ಕಟ್ಟಿ ಇನ್ನೊಂದೂರಿಗೆ ಹೋಗುವವನನ್ನು ಹಿಡಿಯುವುದು ಕಷ್ಟ. ಜಾತ್ರೆಯಲ್ಲಿ ಅಂಗಡಿ ಜಾಗ ಕೊಡುವಾಗಲೇ ಷರತ್ತಿನಲ್ಲಿ ಒಂದು ಸಾಲು ಸೇರಿಸಬಹುದು: ಐಎಸ್‌ಐ ಇಲ್ಲದ ಆಟಿಕೆ ಮಾರುವಂತಿಲ್ಲ, ಮಾರಿದರೆ ಠೇವಣಿ ವಾಪಸ್ ಇಲ್ಲ. ಇದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಖರ್ಚೂ ಇಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ತಯಾರಿಗೆ ಟೈಮಿದೆ. ನಮ್ಮ ವ್ಯಾಪಾರಿಗಳಲ್ಲಿ ಕೆಲವರಿಗೆ ಇದನ್ನು ಹೇಳಿದ್ದೇನೆ, ಮನವಿ ಬರೆದು ಕೊಡುವವರಿದ್ದೇವೆ. ಪಾಲಕರೂ ಸಹಿ ಹಾಕಿದರೆ ತೂಕ ಬರುತ್ತದೆ.

---

ಕಾಳಿ ತೀರ, ಕಾರವಾರ

ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿ ಪಾಳಿಯ ಅಕ್ಕ, ನಿಮ್ಮ ಬರಹವನ್ನು ನಮ್ಮ ಅಂಗನವಾಡಿ ಗುಂಪಿಗೆ ಹಾಕಿದ್ದೇನೆ.

ಆ್ಯಪ್‌ನಲ್ಲಿ ನಂಬರು ಹಾಕಿ ನೋಡಿದೆ. ಬಂದದ್ದು ಪ್ಲಾಸ್ಟಿಕ್ ಪೈಪು ಮಾಡುವ ಕಾರ್ಖಾನೆಯ ಲೈಸೆನ್ಸ್! ಆಟಿಕೆಗೂ ಅದಕ್ಕೂ ಸಂಬಂಧವೇ ಇಲ್ಲ. ಯಾರದ್ದೋ ನಂಬರು ಎತ್ತಿ ಡಬ್ಬದ ಮೇಲೆ ಅಚ್ಚು ಹಾಕಿದ್ದಾರೆ.

ಈಗ ಇದನ್ನು ಯಾರಿಗೆ ಹೇಳಲಿ? ಬಿಲ್ ಇಲ್ಲ. ತಮ್ಮ ಫೋನ್‌ಪೇಯಲ್ಲಿ ದುಡ್ಡು ಕೊಟ್ಟದ್ದು ಮಾತ್ರ ಇದೆ.

---

ಕಚೇರಿ ರಸ್ತೆ, ಕಾರವಾರ

ಗ್ರಾಹಕರ ಪ್ರಕರಣ ನೋಡಿ ಗೊತ್ತಿರುವವನು ನಾನು. ಫೋನ್‌ಪೇ ರಸೀತಿ ಒಳ್ಳೆಯ ಸಾಕ್ಷಿಯೇ. ದಿನ, ಹೊತ್ತು, ದುಡ್ಡು ಹೋದ ಖಾತೆಯ ಹೆಸರು ಎಲ್ಲ ಅದರಲ್ಲಿದೆ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ನಕಲಿ ಗುರುತಿನ ದೂರು ಬಿಐಎಸ್‌ಗೇ ಹೋಗಬೇಕು, ಯಾಕೆಂದರೆ ಹುಡುಕಿ ಜಪ್ತಿ ಮಾಡುವ ಅಧಿಕಾರ ಇರುವುದು ಅವರ ಅಧಿಕಾರಿಗಳಿಗೆ. ಅದೇ ಆ್ಯಪ್‌ನಲ್ಲಿ ದೂರಿನ ವಿಭಾಗ ಇದೆ. ಡಬ್ಬದ ನಾಲ್ಕೂ ಬದಿಯ ಫೋಟೋ, ಸ್ಕ್ರೂ ಇಲ್ಲದ ಮುಚ್ಚಳದ ಫೋಟೋ, ಪೈಪು ಕಾರ್ಖಾನೆಯ ಲೈಸೆನ್ಸ್ ಬಂದ ಪರದೆಯ ಫೋಟೋ, ಫೋನ್‌ಪೇ ರಸೀತಿ ಹಾಕಿ. ಎಲ್ಲಿ ಕೊಂಡದ್ದು ಅಂತ ಆದಷ್ಟು ಸರಿಯಾಗಿ ಬರೆಯಿರಿ, ಜಾತ್ರೆ ಅಂತ ಮಾತ್ರ ಬರೆದರೆ ಅವರಿಗೆ ಏನೂ ಸಿಗುವುದಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಅವರ ಕಚೇರಿ ಇದೆ, ಬೇಕಾದರೆ ಅಲ್ಲಿಗೆ ಸ್ಪೀಡ್ ಪೋಸ್ಟ್‌ನಲ್ಲೂ ಒಂದು ಪ್ರತಿ ಕಳಿಸಿ. ಆ ಪೈಪು ಕಾರ್ಖಾನೆಯವರಿಗೂ ತಿಳಿಸುವುದು ಒಳ್ಳೆಯದು, ಅವರ ನಂಬರು ಕದ್ದದ್ದರಿಂದ ಅವರೂ ಸುಮ್ನೆ ಕೂರುವುದಿಲ್ಲ.

ಡಬ್ಬದಲ್ಲಿ ತಯಾರಕರ ಹೆಸರು, ವಿಳಾಸ, ಎಂಆರ್‌ಪಿ, ತಿಂಗಳು ವರ್ಷ ಇಲ್ಲ ಅನ್ನುವುದು ಇನ್ನೊಂದು ತಪ್ಪು. ಅದು ಕಾನೂನು ಮಾಪನಶಾಸ್ತ್ರ ಇಲಾಖೆಯ ಕೆಲಸ, ಜನ ತೂಕ ಮತ್ತು ಅಳತೆ ಇಲಾಖೆ ಅನ್ನುತ್ತಾರಲ್ಲ, ಅದೇ. ಮಗುವಿನ ಆಹಾರ ಆದರೆ ಆಹಾರ ಸುರಕ್ಷತೆಯವರು, ಪೌಡರು ಎಣ್ಣೆ ಔಷಧ ಆದರೆ ಡ್ರಗ್ಸ್ ಕಂಟ್ರೋಲ್. ಯಾರದ್ದು ಅಂತ ಗೊಂದಲ ಆದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು.

ಮಗುವಿಗೆ ನಿಜವಾಗಿ ಪೆಟ್ಟಾಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದಿತ್ತು. ಮಾರಿದವನ ಊರಿಗೆ ಹೋಗಬೇಕಿಲ್ಲ, ನೀವು ಇರುವ ಜಿಲ್ಲೆಯಲ್ಲೇ ಹಾಕಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕಬೇಕು.

ಗುರುತಿಲ್ಲದ್ದು ಮಾರಿದವರಿಗೆ ಏನಾಗುತ್ತದೆ ಅನ್ನುವವರಿಗೆ ಒಂದು ಉದಾಹರಣೆ. ಪ್ರೆಷರ್ ಕುಕ್ಕರಿಗೆ 2021ರ ಫೆಬ್ರವರಿಯಿಂದ ಐಎಸ್‌ಐ ಕಡ್ಡಾಯ, ಐಎಸ್ 2347. ಆಮೇಲೂ ಅದಿಲ್ಲದ ಕುಕ್ಕರ್ ತನ್ನ ತಾಣದಲ್ಲಿ ಮಾರಲು ಬಿಟ್ಟಿದ್ದಕ್ಕೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಅಮೆಜಾನ್‌ಗೆ ಒಂದು ಲಕ್ಷ ದಂಡ ಹಾಕಿತು. ಹಾಗೆ ಮಾರಾಟವಾದ 2,265 ಕುಕ್ಕರ್ ಕೊಂಡ ಎಲ್ಲರಿಗೂ ತಿಳಿಸಿ, ಅವನ್ನು ವಾಪಸ್ ತರಿಸಿ, ದುಡ್ಡು ಕೊಡಬೇಕು ಅಂತಲೂ ಆದೇಶ ಮಾಡಿತು. ಒಂದು ಲಕ್ಷ ಅವರಿಗೆ ಏನೂ ಅಲ್ಲ, ಒಪ್ಪುತ್ತೇನೆ. ಆದರೆ ಕೊಂಡ ಒಬ್ಬೊಬ್ಬರಿಗೂ ತಿಳಿಸಬೇಕು ಅನ್ನುವ ಆ ಆದೇಶ ದೊಡ್ಡದು. ಜಾತ್ರೆಯ ಬಾತುಕೋಳಿ ಕೊಂಡವರಿಗೆ ಹಾಗೆ ಹೇಳುವವರು ಯಾರೂ ಇಲ್ಲ.

---

ಶಿವನಿ ಮರ, ಕುಮಟಾ

ಇದೆಲ್ಲ ಪ್ಲಾಸ್ಟಿಕ್ ತಂದದ್ದಕ್ಕೆ ಆಗುವುದು, ಮರದ ಗೊಂಬೆ ಕೊಡಿ, ಏನೂ ಚಿಂತೆ ಇಲ್ಲ ಅಂತ ಹೇಳುವವರು ಇದ್ದಾರೆ. ನಮ್ಮದು ಗುಡಿಗಾರರ ಮನೆತನ, ಮರ ಕೆತ್ತುವುದೇ ಕಸುಬು, ಆದರೂ ಆ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಇರುವುದರಿಂದ ಈ ಐಎಸ್‌ಐ ಆದೇಶದಿಂದ ವಿನಾಯಿತಿ ಇದೆ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕಸುಬುದಾರರು ತಾವೇ ಮಾಡಿ ಮಾರುವುದಕ್ಕೂ ಇದೆ. ಇದು ಬೇಕಾಗಿತ್ತು. ಮನೆಯಲ್ಲಿ ಕೂತು ಕೆತ್ತುವವನು ಲ್ಯಾಬ್ ಖರ್ಚು ಎಲ್ಲಿಂದ ಕೊಡುತ್ತಾನೆ? ಆದರೆ ವಿನಾಯಿತಿ ಕಾಗದಕ್ಕೆ ಮಾತ್ರ. ಮಗುವಿನ ಬಾಯಿಗೆ ವಿನಾಯಿತಿ ಇಲ್ಲ. ಹಾಲೆ ಮರಕ್ಕೆ ಅರಗು ಹಾಕಿ, ಗಿಡದ ಬಣ್ಣ ಸೇರಿಸಿ ಮಾಡಿದ್ದು ಬೇರೆ, ಅದನ್ನೇ ನೋಡಿ ನಕಲು ಮಾಡಿ ಅಗ್ಗದ ಎನಾಮೆಲ್ ಬಳಿದು ಮಾರುವುದು ಬೇರೆ. ನೋಡಲು ಎರಡೂ ಒಂದೇ ಹೊಳಪು.

ಮನೆ ಬಣ್ಣಕ್ಕೆ 2017ರ ನವೆಂಬರ್‌ನಿಂದ ಸೀಸ 90 ಪಿಪಿಎಂ, ಅಂದರೆ ಕಿಲೋಗೆ 90 ಮಿಲಿಗ್ರಾಂ, ಮೀರಬಾರದು ಅಂತ ಕೇಂದ್ರದ ನಿಯಮ ಇದೆ. ಅಂಗಡಿಯಲ್ಲಿ ಡಬ್ಬದ ಮೇಲೆ ಅದನ್ನು ನೋಡಿಯೇ ಬಣ್ಣ ತನ್ನಿ. ಅಜ್ಜನ ಕಾಲದ ತೊಟ್ಟಿಲು ಅಟ್ಟದಿಂದ ಇಳಿಸಿ ಮೊಮ್ಮಗುವಿಗೆ ಕಟ್ಟುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು. ಹಳೇ ಬಣ್ಣ ಏಳುತ್ತಿದ್ದರೆ ಅದನ್ನು ಮಗು ಮಲಗುವ ಕೋಣೆಯಲ್ಲಿ ಉಜ್ಜಬೇಡಿ, ಆ ಧೂಳೇ ವಿಷ. ಹೊರಗೆ ಒಯ್ದು ಒದ್ದೆ ಮಾಡಿ ತೆಗೆಸಿ. ನಾನು ತೊಟ್ಟಿಲಿಗೆ ಬಣ್ಣ ಹಚ್ಚುವುದೇ ಇಲ್ಲ, ಶಿವನಿ ಮರದ ಬಣ್ಣವೇ ಚೆಂದ ಇದೆ.

ಅಂಗಡಿಯವರು ಹೇಳಿದ ಮನವಿಗೆ ನನ್ನ ಸಹಿಯೂ ಇರಲಿ. ಅದರಲ್ಲಿ ನೋಂದಾಯಿತ ಕಸುಬುದಾರರಿಗೆ ವಿನಾಯಿತಿ ಇದೆ ಅಂತ ಒಂದು ಸಾಲು ಬರೆಯಿರಿ, ಇಲ್ಲದಿದ್ದರೆ ನಕಲಿ ಪ್ಲಾಸ್ಟಿಕ್ ತಡೆಯಲು ಹೋಗಿ ನಮ್ಮವರ ಅಂಗಡಿ ಎಬ್ಬಿಸುತ್ತಾರೆ.

---

ಪೇಟೆ ಅಂಗಡಿ, ಶಿರಸಿ

ಖಂಡಿತ ಸೇರಿಸುತ್ತೇನೆ. ಸರಿಯಾದ ಮಾತು.

---

ಕಾಳಿ ತೀರ, ಕಾರವಾರ

ದೂರು ಹಾಕಿದೆ. ಫೋಟೋಗಳು, ಪೈಪು ಕಾರ್ಖಾನೆಯ ಪರದೆ, ತಮ್ಮನ ರಸೀತಿ ಎಲ್ಲ ಸೇರಿಸಿ. ದೂರಿನ ನಂಬರು ಬಂದಿದೆ. ಅಂಗಡಿ ಎಲ್ಲಿತ್ತು ಅಂತ ತಮ್ಮನ ಹತ್ತಿರ ನಕ್ಷೆಯ ಹಾಗೆ ಬರೆಸಿಕೊಂಡು ಅದನ್ನೂ ಹಾಕಿದ್ದೇನೆ. ಮನವಿಗೆ ಕಾರವಾರದಿಂದಲೂ ಸಹಿ ಮಾಡಿಸಿ ಕಳಿಸುತ್ತೇನೆ, ನಮ್ಮ ಓಣಿಯಲ್ಲೇ ಜಾತ್ರೆಗೆ ಹೋಗಿ ಬಂದ ಮನೆಗಳು ಇವೆ.

ಹಾಲಿನ ಬಾಟಲಿ ವಿಷಯ ಯಾರೂ ಹೇಳಲಿಲ್ಲ.

---

ಪೀಣ್ಯದಲ್ಲಿರುವ ಕುಮಟಾದವ

ಹೇಳುತ್ತೇನೆ ಅಕ್ಕ. ಹಾಲಿನ ಬಾಟಲಿಗೆ ಆಟಿಕೆಗಿಂತ ಎಷ್ಟೋ ಮೊದಲೇ ಕಾನೂನು ಬಂದಿದೆ, 1992ರಲ್ಲಿ. ಐಎಸ್‌ಐ ಗುರುತಿಲ್ಲದ ಬಾಟಲಿ ಮಾರುವಂತಿಲ್ಲ. ಜಾಹೀರಾತು ಕೊಡುವಂತಿಲ್ಲ, ಒಂದಕ್ಕೊಂದು ಉಚಿತ ಅಂತ ಆಸೆ ತೋರಿಸುವಂತೆಯೂ ಇಲ್ಲ, ಎದೆಹಾಲು ಬಿಡಿಸಬಾರದು ಅಂತ. ಪ್ಲಾಸ್ಟಿಕ್ ಬಾಟಲಿಯ ಮಾನಕ ಐಎಸ್ 14625. ಅದರ ಪ್ರಕಾರ ಬಿಸ್ಫೆನಾಲ್ ಎ ಅನ್ನುವ ರಾಸಾಯನಿಕ ಇರುವ ಪ್ಲಾಸ್ಟಿಕ್ ನಡೆಯುವುದಿಲ್ಲ.

ಬಾಟಲಿಯ ಮೇಲೋ ತಳದಲ್ಲೋ ಗುರುತು, ಸಿಎಂ/ಎಲ್ ನಂಬರು ಎರಡೂ ಹುಡುಕಿ, ಬಾತುಕೋಳಿಗೆ ಮಾಡಿದ ಹಾಗೇ ಆ್ಯಪ್‌ಗೆ ಹಾಕಿ ನೋಡಿ. ಗೀರು ಬಿದ್ದಿದ್ದರೆ, ಮಬ್ಬಾಗಿದ್ದರೆ ನಂಬರು ಸರಿ ಇದ್ದರೂ ಬದಲಿಸಿ. ಇನ್ನೊಂದು, ಮನೆಯಲ್ಲಿರುವ ಫೋನ್ ಚಾರ್ಜರ್, ಎಲ್‌ಇಡಿ ಬಲ್ಬ್, ಪವರ್ ಬ್ಯಾಂಕ್ ಮೇಲೆ ಸಿಎಂ/ಎಲ್ ಇರುವುದಿಲ್ಲ, ಅವಕ್ಕೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರು ಇರುತ್ತದೆ. ಅದನ್ನೂ ಅದೇ ಆ್ಯಪ್‌ನಲ್ಲಿ ನೋಡಬಹುದು. ನೀರು ಕಾಯಿಸುವ ಕಾಯಿಲ್, ಇಸ್ತ್ರಿ ಪೆಟ್ಟಿಗೆ, ಗ್ಯಾಸ್ ಪೈಪು ಇವಕ್ಕೆ ಐಎಸ್‌ಐ. ಗ್ಯಾಸ್ ಪೈಪಿನ ಮೇಲೆ ವರ್ಷವೂ ಅಚ್ಚಾಗಿರುತ್ತದೆ, ಹಾಗೇ ಅದನ್ನೂ ಒಮ್ಮೆ ನೋಡಿಬಿಡಿ.

ಬಿಐಎಸ್‌ನಿಂದ ಉತ್ತರ ಬಂದರೆ ಇಲ್ಲಿ ಹಾಕಿ, ಹದಿನೈದು ದಿನದಲ್ಲಿ ಏನೂ ಬರದಿದ್ದರೂ ಹಾಕಿ. ಆಗ ಏನು ಬರೆಯಬೇಕು ಅಂತ ನಾನೂ ಕೂತು ನೋಡುತ್ತೇನೆ.